ಕರ್ತೃವಿಲ್ಲದ ವಾಕ್ಯ: ಪೋಲೀಸ್ ಬಲಪ್ರಯೋಗ, ಪತ್ರಿಕೆಗಳ ಶೋಧನೆ ಮತ್ತು ಅಧಿಕಾರಿಗಳ ಉತ್ತರ

೧. ವಿಷಯ

ಪೋಲೀಸರು ಜನರ ಮೇಲೆ ಬಲಪ್ರಯೋಗ ಮಾಡಿದಾಗ ವೃತ್ತಪತ್ರಿಕೆಗಳು ಅದನ್ನು ಶೋಧಿಸಿ ಬರೆಯುತ್ತವೆ. ಆ ಬರೆಹಕ್ಕೆ ಇಲಾಖೆಯ ಹಿರಿಯ ಅಧಿಕಾರಿಗಳು ಉತ್ತರ ಕೊಡುತ್ತಾರೆ. ಈ ಉತ್ತರವನ್ನು ರಾಜ್ಯಶಾಸ್ತ್ರದವರು ಆಡಳಿತದ ಪ್ರಶ್ನೆಯೆಂದು ಕಾಣುತ್ತಾರೆ, ನ್ಯಾಯಶಾಸ್ತ್ರದವರು ಹೊಣೆಗಾರಿಕೆಯ ಪ್ರಶ್ನೆಯೆಂದು ಕಾಣುತ್ತಾರೆ. ಆದರೆ ಜನರ ಮುಂದೆ ಅದು ಮೊದಲು ಬರುವುದು ನಾಲ್ಕಾರು ಸಾಲಿನ ಒಂದು ಗದ್ಯಖಂಡವಾಗಿ. ಅದಕ್ಕೆ ತನ್ನದೇ ಆದ ಪದಸಂಪತ್ತು ಉಂಟು, ವಾಕ್ಯರಚನೆಯ ರೂಢಿ ಉಂಟು, ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬ ಸಂಪ್ರದಾಯವೂ ಉಂಟು. ಆದ್ದರಿಂದ ಭಾಷೆ ಸಾಹಿತ್ಯಗಳ ಅಭ್ಯಾಸಿಗಳು ಅದನ್ನು ತಮ್ಮ ಪರಿಶೀಲನೆಗೆ ಒಳಪಡಿಸಿದರೆ ಅಧಿಕಪ್ರಸಂಗವಾಗಲಾರದು. ಕಾವ್ಯದ ಒಂದು ಪದ್ಯದಲ್ಲಿ ಅಧ್ಯಾಹಾರವಾದ ಪದವನ್ನು ಹುಡುಕಿ ಅನ್ವಯ ಹೇಳುವ ನಾವು, ನಾಲ್ಕು ಜನ ಪ್ರಾಣ ಕಳೆದುಕೊಂಡ ಪ್ರಸಂಗದ ಪ್ರಕಟಣೆಯಲ್ಲಿ ಅಧ್ಯಾಹಾರವಾದ ಪದ ಯಾವುದೆಂದು ಕೇಳದಿರುವುದು ಸರಿಯಲ್ಲ.

ಈ ಪ್ರಬಂಧದ ಪ್ರತಿಪಾದ್ಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಲಪ್ರಯೋಗದ ಬಗೆಗಿನ ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಲೋಪವಾಗುವ ಪದ ಕರ್ತೃಪದ. ಪತ್ರಿಕೆಯ ಶೋಧನೆ ಎಂದರೆ, ಮೂಲದಲ್ಲಿ, ಆ ಕರ್ತೃವನ್ನು ವಾಕ್ಯಕ್ಕೆ ಮರಳಿ ತರುವ ಪ್ರಯತ್ನ. ಶೋಧನೆಗೆ ಅಧಿಕಾರಿ ಕೊಟ್ಟ ಉತ್ತರ ಯೋಗ್ಯವೋ ಅಯೋಗ್ಯವೋ ಎಂಬುದನ್ನು ಅದರ ಸೌಜನ್ಯದಿಂದಾಗಲಿ ಕಾಠಿನ್ಯದಿಂದಾಗಲಿ ಅಳೆಯಬಾರದು. ಕರ್ತೃವನ್ನು ಅದು ಒಪ್ಪಿಕೊಂಡಿತೋ, ಮರೆಸಿತೋ ಎಂಬುದರಿಂದ ಅಳೆಯಬೇಕು.

೨. ವೀರಗಲ್ಲು ಮತ್ತು ಪ್ರಕಟಣೆ

ಬಲಪ್ರಯೋಗದಿಂದಾದ ಮರಣವನ್ನು ವರದಿಮಾಡುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಹಾನಗಲ್ಲು, ಪ್ರಾಚೀನರ ಪಾನುಂಗಲ್ಲು, ಕದಂಬರ ಒಂದು ಶಾಖೆ ಬಹುಕಾಲ ಆಳಿದ ಸ್ಥಳ. ಅಲ್ಲಿಯ ತಾರಕೇಶ್ವರ ದೇವಾಲಯದ ಶಿಲ್ಪವನ್ನು ನೋಡಲು ದೂರದವರೂ ಬರುತ್ತಾರೆ. ಆದರೆ ಆ ಸೀಮೆಯ ವೀರಗಲ್ಲುಗಳು ಕೂಡ ಅಷ್ಟೇ ಮಹತ್ವದ ದಾಖಲೆಗಳು. ವೀರಗಲ್ಲಿನ ಸಾಮಾನ್ಯ ಕ್ರಮ ಎಲ್ಲರಿಗೂ ತಿಳಿದುದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರ ನಡುವೆ ಮೇಲೇರುವ ವೀರ, ಮೇಲಿನದರಲ್ಲಿ ಶಿವಸನ್ನಿಧಿ. ಪಟ್ಟಿಕೆಗಳ ನಡುವೆ ಶಾಸನವಿದ್ದರೆ ಅದು ಬಹುಮಟ್ಟಿಗೆ ಕೆಲವು ನಿಶ್ಚಿತ ಸಂಗತಿಗಳನ್ನು ಹೇಳುತ್ತದೆ: ಯಾರ ಆಳ್ವಿಕೆಯಲ್ಲಿ, ಯಾವ ಊರಲ್ಲಿ, ಯಾವ ಕಾರಣಕ್ಕೆ, ಯಾರೊಡನೆ ಹೋರಾಡಿ, ಯಾರು ಬಿದ್ದರು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಕಾರಣವನ್ನು ಒಂದೊಂದೇ ಪದದಲ್ಲಿ ಸೂಚಿಸುತ್ತವೆ.

ವೀರಗಲ್ಲು ಪಕ್ಷಪಾತವಿಲ್ಲದ ದಾಖಲೆಯೆಂದು ಇಲ್ಲಿ ಹೇಳುತ್ತಿಲ್ಲ. ಅದು ಸತ್ತವನ ಕಡೆಯವರು ನಿಲ್ಲಿಸಿದ ಕಲ್ಲು. ಅದರಲ್ಲಿ ಅತ್ಯುಕ್ತಿಯೂ ಇರುತ್ತದೆ. ಆದರೆ ಒಂದು ಗುಣವನ್ನು ಅದಕ್ಕೆ ನಿರಾಕರಿಸುವಂತಿಲ್ಲ. ಮರಣವೆಂಬುದು ಯಾರೋ ಮಾಡಿದ ಕ್ರಿಯೆಯ ಫಲವೆಂದು ಅದು ತಿಳಿದಿದೆ. ಕೊಂದವನಿಲ್ಲದ ಕೊಲೆ, ಇರಿದವನಿಲ್ಲದ ಇರಿತ ಆ ಗದ್ಯಕ್ಕೆ ಪರಿಚಿತವಲ್ಲ. ಈ ದೃಷ್ಟಿಯಿಂದ ಅದೇ ಸೀಮೆಯಲ್ಲಿ, ಅದೇ ಭಾಷೆಯಲ್ಲಿ, ನಮ್ಮ ಕಾಲದ ಪ್ರಕಟಣೆ ಏನು ಮಾಡುತ್ತದೆಂಬುದನ್ನು ನೋಡಬೇಕು.

೩. ಪ್ರಕಟಣೆಯ ವ್ಯಾಕರಣ

ಮಾದರಿಗಾಗಿ ಎರಡು ವಾಕ್ಯಗಳನ್ನು ರಚಿಸಿಕೊಳ್ಳೋಣ. ಯಾವ ಅಧಿಕಾರಿಯ ಮಾತನ್ನೂ ಇಲ್ಲಿ ಉದ್ಧರಿಸುತ್ತಿಲ್ಲ. ಆದರೂ ಪತ್ರಿಕೆ ಓದುವವರಿಗೆ ಈ ಧಾಟಿ ಅಪರಿಚಿತವಾಗಿ ತೋರದು. "ಕಿಡಿಗೇಡಿಗಳು ಕಲ್ಲು ತೂರಿದರು. ಪರಿಸ್ಥಿತಿ ಕೈಮೀರಿದ್ದರಿಂದ ಅನಿವಾರ್ಯವಾಗಿ ಗುಂಡು ಹಾರಿಸಲಾಯಿತು."

ಮೊದಲನೆಯ ವಾಕ್ಯ ಕರ್ತರಿ ಪ್ರಯೋಗ. ಅಲ್ಲಿ ಕರ್ತೃವಿದ್ದಾನೆ, ಅವನಿಗೆ ಹೆಸರಿಲ್ಲದಿದ್ದರೂ ದೋಷಸೂಚಕವಾದ ಒಂದು ವಿಶೇಷಣವಿದೆ. ಎರಡನೆಯ ವಾಕ್ಯದಲ್ಲಿ ಕ್ರಿಯೆ ಮೊದಲನೆಯದಕ್ಕಿಂತ ಗುರುತರವಾದುದು, ಆದರೆ ಕರ್ತೃವಿಲ್ಲ. ಕ್ರಿಯೆಯ ಕಾರಣಸ್ಥಾನದಲ್ಲಿ 'ಪರಿಸ್ಥಿತಿ' ನಿಂತಿದೆ. ಕೈಮೀರಿದ್ದು ಪರಿಸ್ಥಿತಿ, ಅನಿವಾರ್ಯತೆಯನ್ನು ತಂದದ್ದು ಪರಿಸ್ಥಿತಿ, ಗುಂಡು ಮಾತ್ರ ತಾನಾಗಿ ಹಾರಿತು. ಕಲ್ಲಿಗೆ ಕೈಯುಂಟು, ಬಂದೂಕಿಗೆ ಕೈಯಿಲ್ಲ.

ಕನ್ನಡ ವ್ಯಾಕರಣದ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. 'ಪಡು' ಧಾತು ಸೇರಿ ಆಗುವ ಕರ್ಮಣಿ ಪ್ರಯೋಗ ನಮ್ಮ ಆಡುಮಾತಿನಲ್ಲಿ ವಿರಳವಾದರೂ ಅದರಲ್ಲಿ ಕರ್ತೃವಿಗೆ ತೃತೀಯಾ ವಿಭಕ್ತಿಯ ಒಂದು ಆಸನವಾದರೂ ಉಂಟು. 'ಇಂತಹವರಿಂದ ಮಾಡಲ್ಪಟ್ಟಿತು' ಎನ್ನಬಹುದು. 'ಹಾರಿಸಲಾಯಿತು', 'ಚದುರಿಸಲಾಯಿತು', 'ವಶಕ್ಕೆ ಪಡೆಯಲಾಯಿತು' ಎಂಬ ರೂಪದಲ್ಲಿ ಆ ಆಸನವೂ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಲ್ಲಿ 'ಇಂತಹವರಿಂದ' ಎಂದು ಸೇರಿಸಿದರೆ ಕಿವಿಗೆ ತೊಡಕಾಗುತ್ತದೆ. ಆದಕಾರಣ ಕೇಳುಗನು ಕರ್ತೃವಿನ ಅಭಾವವನ್ನು ಗುರುತಿಸುವುದೇ ಇಲ್ಲ. ಖಾಲಿ ಕುರ್ಚಿಯಿದ್ದರೆ ಯಾರೋ ಬರಬೇಕಾಗಿತ್ತೆಂದು ಸಭಿಕರಿಗೆ ತೋರೀತು. ಕುರ್ಚಿಯನ್ನೇ ತೆಗೆದಿಟ್ಟರೆ ಯಾರಿಗೂ ಏನೂ ತೋರುವುದಿಲ್ಲ.

ಈ ರೂಪವೇ ದೋಷಯುಕ್ತವೆಂದು ಯಾರೂ ಭಾವಿಸಬೇಕಾಗಿಲ್ಲ. ಅಡಿಗೆಯ ವಿಧಾನ, ಪ್ರಯೋಗಶಾಲೆಯ ವರದಿ, ಸಭೆಯ ನಡವಳಿ ಮುಂತಾದ ಕಡೆ ಕರ್ತೃ ಯಾರಾದರೂ ಫಲ ಒಂದೇ. ಅಲ್ಲಿ ಅದು ಸಾರ್ಥಕ. ಕರ್ತೃ ಯಾರೆಂಬುದೇ ಪ್ರಶ್ನೆಯಾಗಿರುವ ಕಡೆ ಅದನ್ನು ಬಳಸಿದಾಗ ಮಾತ್ರ ಅದು ಉತ್ತರದ ವೇಷ ಧರಿಸಿದ ಮೌನವಾಗುತ್ತದೆ.

ಕಾನೂನಿನ ವಾಕ್ಯ ಹೀಗಿಲ್ಲವೆಂಬುದು ಗಮನಾರ್ಹ. ಅಕ್ರಮಕೂಟವನ್ನು ಚದುರಿಸುವ ಅಧಿಕಾರ ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೧೨೯ನೆಯ ಕಲಮಿನಲ್ಲಿ ಇದ್ದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು ೧೪೮ನೆಯ ಕಲಮು. ಕಾರ್ಯನಿರ್ವಾಹಕ ದಂಡಾಧಿಕಾರಿ, ಅಥವಾ ಠಾಣಾಧಿಕಾರಿ, ಅವನಿಲ್ಲದಾಗ ಸಬ್ ಇನ್ಸ್‌ಪೆಕ್ಟರನಿಗಿಂತ ಕೆಳಗಿನವನಲ್ಲದ ಪೋಲೀಸ್ ಅಧಿಕಾರಿ, ಕೂಟಕ್ಕೆ ಚದುರಲು ಆಜ್ಞೆ ಮಾಡಬೇಕು. ಕೂಟ ಚದುರದಿದ್ದರೆ ಮಾತ್ರ ಬಲಪ್ರಯೋಗ. ಇಲ್ಲಿ ಪ್ರತಿಯೊಂದು ಕ್ರಿಯೆಗೂ ಕರ್ತೃವಿದ್ದಾನೆ. ಇಲಾಖೆಯ ಒಳಗಿನ ಬರೆಹದಲ್ಲಿಯೂ ಕರ್ತೃವಿದ್ದಾನೆ. ಶಸ್ತ್ರಾಗಾರದಿಂದ ಯಾವ ಬಂದೂಕು ಯಾರಿಗೆ ಹೋಯಿತು, ಎಷ್ಟು ಗುಂಡು ಹೊರಟವು, ಎಷ್ಟು ಮರಳಿದವು ಎಂಬುದಕ್ಕೆ ಲೆಕ್ಕದ ಪುಸ್ತಕವಿದೆ. ಠಾಣಾ ದಿನಚರಿ ಇದೆ. ಹೀಗೆ ಕಾನೂನಿಗೆ ಗೊತ್ತಿರುವ, ಕಡತಕ್ಕೆ ಗೊತ್ತಿರುವ ಕರ್ತೃ ಪ್ರಕಟಣೆಗೆ ಬರುವ ಹೊತ್ತಿಗೆ ಮಾಯವಾಗುತ್ತಾನೆ. ಇದನ್ನು ಅಜ್ಞಾನವೆನ್ನಲು ಬಾರದು, ಇದು ರಚನೆ.

೪. ಲೆಕ್ಕದ ವಿವಾದ

ಈ ರಚನೆ ಸ್ವಾತಂತ್ರ್ಯಾನಂತರದ್ದೆಂದು ಯಾರೂ ತಿಳಿಯಬಾರದು. ೧೯೨೧ರ ಜುಲೈ ೧ರಂದು, ಹಾನಗಲ್ಲು ತಾಲೂಕು ಯಾವ ಜಿಲ್ಲೆಗೆ ಸೇರಿದ್ದಿತೋ ಆ ಧಾರವಾಡದ ಪಟ್ಟಣದಲ್ಲಿಯೇ, ಮದ್ಯದ ಅಂಗಡಿಯ ಮುಂದೆ ನಡೆದ ಪಿಕೆಟಿಂಗಿನ ಸಂದರ್ಭದಲ್ಲಿ ಪೋಲೀಸರು ಗುಂಡು ಹಾರಿಸಿ ಮೂವರು ಮೃತರಾದರು. ೧೯೩೮ರ ಏಪ್ರಿಲ್ ೨೫ರಂದು ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದಾಗ, ಸರಕಾರದ ಪ್ರಕಟಣೆ ಸತ್ತವರು ಹತ್ತು ಜನವೆಂದಿತು. ಜನರ ಮತ್ತು ಪತ್ರಿಕೆಗಳ ಲೆಕ್ಕ ಮೂವತ್ತನ್ನು ದಾಟಿತು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯೊಂದು ಬಂತು.

ಲೆಕ್ಕದ ವಿವಾದಕ್ಕೆ ಒಂದು ಪಾರ್ಶ್ವಫಲವುಂಟು. ಎಷ್ಟು ಜನ ಸತ್ತರು ಎಂಬ ವಾದ ಬೆಳೆದಷ್ಟೂ, ಯಾರ ಆಜ್ಞೆಯಿಂದ ಸತ್ತರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಸಂಖ್ಯೆಯನ್ನು ತಿದ್ದಿಕೊಂಡ ಪ್ರಕಟಣೆ ಉದಾರವಾಗಿ ಕಾಣಬಹುದು. ಕರ್ತೃ ಮಾತ್ರ ಹಾಗೆಯೇ ಅಡಗಿರುತ್ತಾನೆ.

ನ್ಯಾಯದೃಷ್ಟಿಯಿಂದ ಇನ್ನೊಂದು ಮಾತನ್ನು ಸೇರಿಸಬೇಕು. ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ, ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದಾಗ, ರೈತರೂ ಸತ್ತರು, ಪೋಲೀಸ್ ಸಿಬ್ಬಂದಿಯೂ ಸತ್ತರು. ಜನಸಮೂಹದ ಕೈಯಲ್ಲಿ ಪ್ರಾಣ ಬಿಟ್ಟ ಪೋಲೀಸನ ಬಗ್ಗೆ ಬರೆಯುವಾಗ ಇಲಾಖೆ ಕರ್ತರಿ ಪ್ರಯೋಗವನ್ನೇ ಅಪೇಕ್ಷಿಸುತ್ತದೆ. ಕೊಂದವರಾರೆಂದು ಹುಡುಕುತ್ತದೆ, ಹುಡುಕಲೇಬೇಕು. ಆ ಅಪೇಕ್ಷೆ ಸರ್ವಥಾ ಯುಕ್ತವಾದುದು. ರೈತನ ಮರಣಕ್ಕೂ ಅದೇ ವ್ಯಾಕರಣ ಇರಲಿ ಎಂಬುದಷ್ಟೇ ನಮ್ಮ ವಾದ.

೫. ಹಾವೇರಿ, ೨೦೦೮

ಹಾನಗಲ್ಲು ತಾಲೂಕು ೧೯೯೭ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಆ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ೨೦೦೮ರ ಜೂನ್ ೧೦ರಂದು ನಡೆದ ಪ್ರಸಂಗ ಸುತ್ತಣ ತಾಲೂಕುಗಳ ರೈತರ ನೆನಪಿನಿಂದ ಮಾಸಿಲ್ಲ. ಮುಂಗಾರು ಬಂದಿತ್ತು, ಬಿತ್ತನೆಯ ಹದ ನಾಲ್ಕು ದಿನ ಕಾಯುವಂತಹದಲ್ಲ, ಡಿ.ಎ.ಪಿ. ಗೊಬ್ಬರ ಸಿಗುತ್ತಿರಲಿಲ್ಲ. ಗೊಬ್ಬರ ಕೇಳಿ ನೆರೆದ ರೈತರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅದಕ್ಕೆ ಹನ್ನೊಂದು ದಿನ ಮೊದಲು, ಮೇ ೩೦ರಂದು, ರಾಜ್ಯದಲ್ಲಿ ಹೊಸ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತ್ತು. ಸರಕಾರ ನ್ಯಾಯಾಂಗ ವಿಚಾರಣೆಗೆ ಆಜ್ಞೆ ಮಾಡಿತು.

ಈ ಪ್ರಸಂಗದ ಚರ್ಚೆ ಮುಂದೆ ಹಿಡಿದ ದಾರಿ ವಿಮರ್ಶಕನಿಗೆ ಬೋಧಪ್ರದವಾಗಿದೆ. ಕೆಲವೇ ದಿನಗಳಲ್ಲಿ ರಾಜ್ಯದ ರಾಜಕಾರಣದ ಮಾತೆಲ್ಲ ಗೊಬ್ಬರದ ಸುತ್ತ ತಿರುಗಿತು. ಕೇಂದ್ರ ಸರಕಾರ ರಾಜ್ಯದ ಪಾಲನ್ನು ಕಳಿಸಲಿಲ್ಲವೆಂದು ಒಬ್ಬರು, ಬಂದ ದಾಸ್ತಾನನ್ನು ರಾಜ್ಯ ಸರಿಯಾಗಿ ಹಂಚಲಿಲ್ಲವೆಂದು ಇನ್ನೊಬ್ಬರು. ಈ ಪ್ರಶ್ನೆ ಅಮುಖ್ಯವೆಂದು ಹೇಳುವಂತಿಲ್ಲ. ಗೊಬ್ಬರ ಸಕಾಲದಲ್ಲಿ ಬಂದಿದ್ದರೆ ರೈತರು ಬೀದಿಗೆ ಬರುತ್ತಲೇ ಇರಲಿಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ವಾಕ್ಯಗಳು ಒಂದಾಗಿಹೋದವು. ರೈತರು ಏಕೆ ನೆರೆದರು ಎಂಬುದಕ್ಕೆ ಗೊಬ್ಬರದ ಅಭಾವ ಉತ್ತರವಾದೀತು. ಅವರ ಮೇಲೆ ಗುಂಡು ಏಕೆ ಹಾರಿತು ಎಂಬುದಕ್ಕೆ ಅದು ಉತ್ತರವಲ್ಲ. ಆಜ್ಞೆ ಕೊಟ್ಟವರಾರು, ಎಚ್ಚರಿಕೆ ಕೊಟ್ಟರೆ, ಅಶ್ರುವಾಯು ಲಾಠಿಗಳ ಮೆಟ್ಟಿಲುಗಳನ್ನು ಕ್ರಮವಾಗಿ ಹತ್ತಿದರೆ, ಗುಂಡು ದೇಹದ ಯಾವ ಭಾಗಕ್ಕೆ ತಾಗಿತು ಎಂಬ ಪ್ರಶ್ನೆಗಳು ಎರಡನೆಯ ವಾಕ್ಯಕ್ಕೆ ಸೇರಿದವು. ಅಭಾವವೆಂಬ ಭಾವನಾಮ ಕರ್ತೃಸ್ಥಾನದಲ್ಲಿ ಕುಳಿತಾಗ ಈ ಪ್ರಶ್ನೆಗಳಿಗೆ ನಿಲ್ಲಲು ನೆಲೆಯೇ ಉಳಿಯಲಿಲ್ಲ.

ಜೂನ್ ಹತ್ತನ್ನು ರೈತಸಂಘಟನೆಗಳು ಹುತಾತ್ಮರ ದಿನವಾಗಿ ಆಚರಿಸುತ್ತ ಬಂದಿವೆ. ಆ ಆಚರಣೆ ಒಂದು ಬಗೆಯ ವೀರಗಲ್ಲೇ ಸರಿ. ಸತ್ತವರ ಹೆಸರು ಅಲ್ಲಿ ಉಳಿಯಿತು. ಪ್ರಕಟಣೆಯಲ್ಲಿ ಉಳಿಯಬೇಕಾಗಿದ್ದ ಇನ್ನೊಂದು ಹೆಸರು ಉಳಿಯಲಿಲ್ಲ.

೬. ಮಂಗಳೂರು, ೨೦೧೯

ಹಾವೇರಿಯಲ್ಲಿ ಕರ್ತೃ ಕಾರಣದ ಹಿಂದೆ ಮರೆಯಾದರೆ, ಮಂಗಳೂರಿನಲ್ಲಿ ಕರ್ತೃಸ್ಥಾನವೇ ತಿರುವುಮುರುವಾದುದನ್ನು ಕಾಣುತ್ತೇವೆ. ೨೦೧೯ರ ಡಿಸೆಂಬರ್ ೧೯ರಂದು, ಪೌರತ್ವ ಕಾಯಿದೆಯ ತಿದ್ದುಪಡಿಯ ವಿರುದ್ಧದ ಪ್ರತಿಭಟನೆಯ ಸಂದರ್ಭದಲ್ಲಿ, ಮಂಗಳೂರಿನಲ್ಲಿ ಪೋಲೀಸರ ಗುಂಡಿನಿಂದ ಇಬ್ಬರು ಮೃತರಾದರು. ಠಾಣೆಗೆ ಮುತ್ತಿಗೆ ಹಾಕಲು ಬಂದ ಗುಂಪನ್ನು ತಡೆಯಲು ಗುಂಡು ಹಾರಿಸುವುದು ಅನಿವಾರ್ಯವಾಯಿತೆಂಬುದು ಪೋಲೀಸರ ನಿಲುವು. ಸತ್ತ ಇಬ್ಬರ ಹೆಸರನ್ನೂ ಅವರು ಪ್ರಥಮ ವರ್ತಮಾನ ವರದಿಯಲ್ಲಿ ಆರೋಪಿಗಳಾಗಿ ಸೇರಿಸಿದರು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕರ್ಮಪದವೇ ಕರ್ತೃಪದವಾಯಿತು.

ಮರುದಿನ, ಶವಪರೀಕ್ಷೆ ನಡೆಯುತ್ತಿದ್ದ ವೆನ್‌ಲಾಕ್ ಆಸ್ಪತ್ರೆಯ ಬಳಿ, ಕೇರಳದಿಂದ ಬಂದಿದ್ದ ದೂರದರ್ಶನ ವಾಹಿನಿಗಳ ವರದಿಗಾರರನ್ನು ಪೋಲೀಸರು ಹಿಡಿದು ಹಲವು ಗಂಟೆ ಇರಿಸಿಕೊಂಡು, ಬಳಿಕ ಗಡಿ ದಾಟಿಸಿ ಕಳಿಸಿದರು. ಇಲ್ಲಿ ಶೋಧನೆಗೆ ಕೊಟ್ಟ ಉತ್ತರ ಶೋಧಕನ ಅರ್ಹತೆಯನ್ನು ಪ್ರಶ್ನಿಸುವ ಉತ್ತರ. ತರ್ಕಶಾಸ್ತ್ರದ ಅಭ್ಯಾಸಿಗಳು ಇದರ ದೋಷವನ್ನು ಸುಲಭವಾಗಿ ಗುರುತಿಸುವರು. ಕೇಳುವವನು ಯಾರು ಎಂಬುದರಿಂದ ಕೇಳಿದ ಪ್ರಶ್ನೆಯ ಸತ್ಯಾಸತ್ಯತೆ ನಿರ್ಣಯವಾಗುವುದಿಲ್ಲ.

ಮುಂದೆ ಎರಡು ಕಡೆಯವರೂ ಚಿತ್ರಗಳನ್ನು ಮುಂದಿಟ್ಟರು. ಪೋಲೀಸರು ತಮ್ಮ ದೃಶ್ಯಗಳನ್ನು ಪ್ರಕಟಿಸಿದರು. ೨೦೨೦ರ ಜನವರಿಯಲ್ಲಿ ಮಾಜಿ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ಬೇರೆ ದೃಶ್ಯಗಳ ಒಂದು ಸಂಗ್ರಹವನ್ನು ಪತ್ರಿಕೆಗಳವರ ಮುಂದಿಟ್ಟರು. ೨೦೨೦ರ ಫೆಬ್ರುವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ಇಪ್ಪತ್ತಕ್ಕೂ ಹೆಚ್ಚು ಆರೋಪಿಗಳಿಗೆ ಜಾಮೀನು ಕೊಡುವಾಗ, ಪೋಲೀಸರ ಅತಿರೇಕವನ್ನು ಮುಚ್ಚಲು ನಿರಪರಾಧಿಗಳನ್ನು ಸಿಕ್ಕಿಸುವ ಪ್ರಯತ್ನ ಕಾಣುತ್ತದೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿತು; ಪೋಲೀಸರೇ ಕಲ್ಲು ತೂರುತ್ತಿರುವ ಛಾಯಾಚಿತ್ರಗಳನ್ನೂ ಉಲ್ಲೇಖಿಸಿತು. 'ಕಲ್ಲು ತೂರಿದರು' ಎಂಬ ಕ್ರಿಯಾಪದಕ್ಕೆ ಪ್ರಕಟಣೆ ಎಂದೂ ಊಹಿಸದ ಒಬ್ಬ ಕರ್ತೃ ಹೀಗೆ ದೊರೆತನು. ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಮಾರ್ಚಿನಲ್ಲಿ ತಡೆಹಿಡಿದು, ಸೆಪ್ಟೆಂಬರಿನಲ್ಲಿ ಜಾಮೀನು ನೀಡಿತು. ಉಚ್ಚ ನ್ಯಾಯಾಲಯದ ಮಾತು ಜಾಮೀನಿನ ಹಂತದ ಅಭಿಪ್ರಾಯವೆಂಬುದನ್ನೂ, ಉಡುಪಿಯ ಜಿಲ್ಲಾಧಿಕಾರಿ ನಡೆಸಿದ ದಂಡಾಧಿಕಾರಿ ವಿಚಾರಣೆ ಪೋಲೀಸರನ್ನು ದೋಷಮುಕ್ತಗೊಳಿಸಿತೆಂಬುದನ್ನೂ ಮರೆಯಬಾರದು. ಯಾರು ಸರಿ ಎಂಬ ತೀರ್ಮಾನ ಈ ಪ್ರಬಂಧದ ಕೆಲಸವಲ್ಲ. ನಮಗೆ ಮುಖ್ಯವಾದುದು ಇಷ್ಟು: ಛಾಯಾಚಿತ್ರ ವಾಕ್ಯವಲ್ಲ. ಅದರಲ್ಲಿ ಕರ್ತೃವನ್ನು ಲೋಪಮಾಡುವುದು ಕಷ್ಟ. ಲಾಠಿ ಕಂಡರೆ ಅದನ್ನು ಹಿಡಿದ ಕೈಯೂ ಕಾಣುತ್ತದೆ.

೨೦೧೬ರ ಜುಲೈ ತಿಂಗಳ ಕೊನೆಯಲ್ಲಿ ಮಹದಾಯಿ ನ್ಯಾಯಾಧಿಕರಣದ ಮಧ್ಯಂತರ ಆಜ್ಞೆಯ ಬಳಿಕ ನವಲಗುಂದ ತಾಲೂಕಿನ ಯಮನೂರಿನಲ್ಲಿ ನಡೆದುದು ಇದಕ್ಕೆ ಇನ್ನೊಂದು ನಿದರ್ಶನ. ಪೋಲೀಸರು ಊರಿಗೆ ನುಗ್ಗಿ ಹೆಂಗಸರನ್ನೂ ವೃದ್ಧರನ್ನೂ ಹೊಡೆದ ದೃಶ್ಯಗಳು ನಾಡಿನ ಮನೆಮನೆಗೆ ಮುಟ್ಟಿದವು. ಅಲ್ಲಿ ಹಿರಿಯ ಅಧಿಕಾರಿಯೊಬ್ಬರ ವಿಚಾರಣೆಯೂ ಕೆಲವು ಸಿಬ್ಬಂದಿಯ ಅಮಾನತ್ತೂ ಶೀಘ್ರವಾಗಿ ನಡೆದವು. ಕರ್ತೃ ಕಣ್ಣಿಗೆ ಬಿದ್ದಾಗ ಉತ್ತರದ ಧಾಟಿಯೇ ಬದಲಾಗುತ್ತದೆ. ಆದರೂ ಕಣ್ಣಿಗೆ ಬಿದ್ದ ಕರ್ತೃ ಲಾಠಿ ಬೀಸಿದವನು. ಬೀಸಲು ಕಳಿಸಿದವನ ಚಿತ್ರ ಯಾವ ಯಂತ್ರಕ್ಕೂ ಸಿಗುವುದಿಲ್ಲ. ಅದನ್ನು ಹುಡುಕಲು ಪತ್ರಿಕೆಯ ಲೇಖನಿಯೇ ಬೇಕು.

೭. ಹೊಸ ಹೆಸರಿನ ಹೊದಿಕೆ

ಕರ್ತೃವನ್ನು ಅಡಗಿಸುವುದು ಒಂದು ಉಪಾಯ. ಕ್ರಿಯೆಗೇ ಬೇರೆ ಹೆಸರಿಡುವುದು ಇನ್ನೊಂದು. ನರಗುಂದದ ಘಟನೆಯ ವರ್ಷವೇ, ೧೯೮೦ರ ನವೆಂಬರಿನಲ್ಲಿ, ಬಿಹಾರದ ಭಾಗಲ್ಪುರದ ಸಂಗತಿಯನ್ನು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಬೆಳಕಿಗೆ ತಂದಿತು. ಅಲ್ಲಿ ಪೋಲೀಸರು ತಮ್ಮ ವಶದಲ್ಲಿದ್ದ ಮೂವತ್ತಕ್ಕೂ ಹೆಚ್ಚು ಜನರ ಕಣ್ಣುಗಳನ್ನು ಚುಚ್ಚಿ ಆಮ್ಲ ಹಾಕಿ ಕುರುಡಾಗಿಸಿದ್ದರು. ಆ ಆಮ್ಲಕ್ಕೆ ಅವರಿಟ್ಟ ಹೆಸರು 'ಗಂಗಾಜಲ'. ಪಾವನತ್ವದ ಹೆಸರನ್ನು ಪಾತಕಕ್ಕೆ ಹೊದಿಸಿದ ಇದಕ್ಕಿಂತ ಕ್ರೂರವಾದ ಲಕ್ಷಣಾವೃತ್ತಿಯನ್ನು ಅಲಂಕಾರಶಾಸ್ತ್ರದಲ್ಲಿ ಹುಡುಕಿದರೂ ಸಿಗದು. ಸಂಗತಿ ಹೊರಬಿದ್ದ ಮೇಲೆ ಬಂದ ಸಮರ್ಥನೆಗಳಲ್ಲಿ ಮುಖ್ಯವಾದುದು, ಇದಕ್ಕೆ ಜನರ ಒಪ್ಪಿಗೆಯಿದೆ ಎಂಬುದು. ಅಂದರೆ ಕರ್ತೃತ್ವವನ್ನು ಸಮಾಜದ ಮೇಲೆಯೇ ಹೊರಿಸುವುದು. ಸರ್ವೋಚ್ಚ ನ್ಯಾಯಾಲಯ ಖತ್ರಿ ಪ್ರಕರಣದಲ್ಲಿ ಆ ಸಮರ್ಥನೆಗೆ ಮನ್ನಣೆ ಕೊಡಲಿಲ್ಲ.

ನಮ್ಮ ಪ್ರಕಟಣೆಗಳ 'ಲಘು ಲಾಠಿ ಪ್ರಹಾರ' ಇಷ್ಟು ಘೋರವಲ್ಲ. ಆದರೆ ಅದರ ಕುಲ ಇದೇ. ಲಾಠಿಯ ಲಘುತ್ವವನ್ನು ನಿರ್ಣಯಿಸುವ ಅಧಿಕಾರ ಹೊಡೆದವನದೋ, ಹೊಡೆಸಿಕೊಂಡವನದೋ? 'ಅಹಿತಕರ ಘಟನೆ' ಎಂಬ ಮಾತಿನಲ್ಲಿ ಯಾರಿಗೆ ಅಹಿತ? ಈ ಪದಗಳನ್ನು ತರಗತಿಯಲ್ಲಿ ವಿದ್ಯಾರ್ಥಿಗಳ ಮುಂದೆ ಬಿಡಿಸಿಟ್ಟರೆ ಭಾಷಾಪಾಠಕ್ಕೂ ಪೌರನೀತಿಯ ಪಾಠಕ್ಕೂ ಅಂತರ ಉಳಿಯುವುದಿಲ್ಲ.

೮. ಬೇರೊಂದು ಬಗೆಯ ಉತ್ತರ

ಪೋಲೀಸ್ ಅಧಿಕಾರಿಗಳು ಸ್ವಭಾವತಃ ಹೀಗೆಯೇ ಉತ್ತರಿಸುವರೆಂದು ನಿರಾಶರಾಗಬೇಕಾಗಿಲ್ಲ. ೧೯೯೮ರ ನವೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅಮೆರಿಕದ ರಾಜಧಾನಿಯ ಪೋಲೀಸರನ್ನು ಕುರಿತು ಒಂದು ಲೇಖನಮಾಲೆಯನ್ನು ಪ್ರಕಟಿಸಿತು. ಆ ದಶಕದಲ್ಲಿ ಜನಸಂಖ್ಯೆಯ ಪ್ರಮಾಣಕ್ಕೆ ಅಲ್ಲಿಯ ಪೋಲೀಸರು ಗುಂಡಿಟ್ಟು ಕೊಂದವರ ಸಂಖ್ಯೆ ದೇಶದ ಬೇರಾವ ದೊಡ್ಡ ನಗರಕ್ಕಿಂತ ಹೆಚ್ಚೆಂದು ಅದು ತೋರಿಸಿತು. ಅವಸರದ ನೇಮಕ, ಶಸ್ತ್ರಶಿಕ್ಷಣದ ಕೊರತೆಗಳನ್ನು ಕಾರಣವಾಗಿ ಹೆಸರಿಸಿತು. ಅಲ್ಲಿಯ ಪೋಲೀಸ್ ಮುಖ್ಯಸ್ಥ ಚಾರ್ಲ್ಸ್ ರಾಮ್ಸೆ ಆ ಹುದ್ದೆಗೆ ಅದೇ ವರ್ಷ ಬಂದವರು. ಅವರು ಪತ್ರಿಕೆಯ ಉದ್ದೇಶವನ್ನು ಶಂಕಿಸುತ್ತ ಕೂಡಲಿಲ್ಲ. ೧೯೯೯ರ ಆರಂಭದಲ್ಲಿ ನಗರಾಡಳಿತವೂ ಅವರೂ ಸೇರಿ, ತಮ್ಮ ಇಲಾಖೆಯ ಬಲಪ್ರಯೋಗವನ್ನು ಪರೀಕ್ಷಿಸಬೇಕೆಂದು ಕೇಂದ್ರದ ನ್ಯಾಯ ಇಲಾಖೆಯನ್ನು ತಾವಾಗಿಯೇ ಕೇಳಿಕೊಂಡರು. ೨೦೦೧ರಲ್ಲಿ ಎರಡೂ ಇಲಾಖೆಗಳ ನಡುವೆ ಲಿಖಿತ ಒಡಂಬಡಿಕೆಯಾಯಿತು. ಗುಂಡಿನ ಪ್ರಸಂಗಗಳು ಇಳಿದವು. ಹೊಸಬರಾದ್ದರಿಂದ ಹಳೆಯ ದೋಷವನ್ನು ಒಪ್ಪುವುದು ಅವರಿಗೆ ಸುಲಭವಾಯಿತೆಂದು ಆಕ್ಷೇಪಿಸಬಹುದು. ಇರಲಿ, ನಮ್ಮಲ್ಲಿಯೂ ವರ್ಗಾವಣೆಯ ಮೇಲೆ ಹೊಸಬರು ಬರುತ್ತಲೇ ಇರುತ್ತಾರೆ.

೨೦೧೫ರಲ್ಲಿ ಅದೇ ಪತ್ರಿಕೆಯೂ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯೂ ಅಮೆರಿಕದ ಪೋಲೀಸರ ಕೈಯಲ್ಲಿ ಸತ್ತವರ ಪಟ್ಟಿಯನ್ನು ಬೇರೆ ಬೇರೆಯಾಗಿ ತಯಾರಿಸತೊಡಗಿದವು. ಸರಕಾರದ ಬಳಿ ಅಂತಹ ಪೂರ್ಣ ಪಟ್ಟಿ ಇಲ್ಲದಿರುವುದು ಸಹಿಸಲಾಗದ ಸಂಗತಿಯೆಂದು ಆಗಿನ ಎಫ್.ಬಿ.ಐ. ನಿರ್ದೇಶಕ ಜೇಮ್ಸ್ ಕೋಮಿ ಬಹಿರಂಗವಾಗಿ ಒಪ್ಪಿಕೊಂಡರು. ಪತ್ರಿಕೆಯ ಲೆಕ್ಕ ತಪ್ಪೆನ್ನುವುದಕ್ಕೆ ಮೊದಲು ತನ್ನ ಲೆಕ್ಕವೆಲ್ಲಿ ಎಂದು ಕೇಳಿಕೊಳ್ಳುವ ಈ ಕ್ರಮ ಅನುಕರಣೀಯ.

೯. ಪತ್ರಿಕೆಗಳ ಪಾಲು

ವಿಮರ್ಶೆ ಒಂದು ಕಡೆಗೆ ಮಾತ್ರ ಸಲ್ಲಬಾರದು. ನಮ್ಮ ವೃತ್ತಪತ್ರಿಕೆಗಳು ಪ್ರಕಟಣೆಯ ಗದ್ಯವನ್ನು ಎಷ್ಟೋ ಸಲ ಇದ್ದಕ್ಕಿದ್ದಂತೆ ಅಚ್ಚು ಹಾಕುತ್ತವೆ. 'ಗೋಲಿಬಾರ್‌ಗೆ ಇಬ್ಬರು ಬಲಿ' ಎಂಬ ಶೀರ್ಷಿಕೆಯನ್ನು ಪರೀಕ್ಷಿಸೋಣ. ಉತ್ತರದ ಭಾಷೆಗಳಿಂದ ಬಂದ 'ಗೋಲಿಬಾರ್' ಎಂಬ ನಾಮಪದ ಇಲ್ಲಿ ಸಿಡಿಲು, ಪ್ರವಾಹಗಳಂತೆ ಒಂದು ಉತ್ಪಾತ. 'ಬಲಿ' ಎಂಬ ಪದ ಮರಣಕ್ಕೆ ಒಂದು ವಿಧಿಯ ಛಾಯೆಯನ್ನು ಕೊಡುತ್ತದೆ. ಸಹಾನುಭೂತಿಯ ಶೀರ್ಷಿಕೆಯೇ, ಆದರೂ ಕರ್ತೃವಿಲ್ಲ. 'ಪೋಲೀಸರ ಗುಂಡಿಗೆ' ಎಂದು ಬರೆದರೆ ಒಂದು ಪದ ಹೆಚ್ಚಾಗುತ್ತದೆ, ಒಂದು ಸತ್ಯವೂ ಹೆಚ್ಚಾಗುತ್ತದೆ. ಇನ್ನು, ಮೊದಲ ದಿನದ ಉದ್ವೇಗದಲ್ಲಿ ದೊಡ್ಡಕ್ಷರದಲ್ಲಿ ಬರೆದು, ವಿಚಾರಣಾ ವರದಿ ಬಂದ ದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬರೆಯುವ ಪದ್ಧತಿ ಶೋಧನೆಯಲ್ಲ. ಅಧಿಕಾರಿಯ ಮೌನ ಗೆಲ್ಲುವುದು ಪತ್ರಿಕೆಯ ಮರೆವಿನ ನೆರವಿನಿಂದಲೇ.

೧೦. ಪೂರ್ವಪಕ್ಷ ಮತ್ತು ಉಪಸಂಹಾರ

ಅಧಿಕಾರಿಗಳ ಪರವಾಗಿ ಮೂರು ಮಾತು ಹೇಳಬಹುದು. ಮೊದಲನೆಯದು, ಘಟನೆಯ ಮೊದಲ ಗಂಟೆಗಳಲ್ಲಿ ಅವರಿಗೇ ಎಲ್ಲವೂ ತಿಳಿದಿರುವುದಿಲ್ಲ. ಇದು ನಿಜ. ಆದರೆ ತಿಳಿಯದಿದ್ದರೆ 'ಇನ್ನೂ ತಿಳಿದಿಲ್ಲ' ಎನ್ನಬೇಕೇ ಹೊರತು 'ಅನಿವಾರ್ಯವಾಯಿತು' ಎನ್ನಬಾರದು. ಅನಿವಾರ್ಯತೆ ವಿಚಾರಣೆಯ ಕೊನೆಯಲ್ಲಿ ಬರಬೇಕಾದ ತೀರ್ಮಾನ. ಎರಡನೆಯದು, ಹೆಸರು ಹೇಳಿದರೆ ಸಿಬ್ಬಂದಿಯ ಧೈರ್ಯ ಕುಂದುತ್ತದೆ, ಅವರ ಮನೆಯವರಿಗೆ ಅಪಾಯವಾದೀತು. ಇದೂ ತಳ್ಳಿಹಾಕುವ ಮಾತಲ್ಲ. ಆದರೆ ಕರ್ತೃವನ್ನು ಹೇಳುವುದೆಂದರೆ ಕಾನ್‌ಸ್ಟೇಬಲನ ಹೆಸರನ್ನು ಬೀದಿಗೆ ಎಸೆಯುವುದಲ್ಲ. ಯಾವ ದರ್ಜೆಯ ಅಧಿಕಾರಿಯ ಆಜ್ಞೆ, ಯಾವ ತುಕಡಿ, ಎಷ್ಟು ಗುಂಡು ಎಂದು ಹೇಳಿದರೆ ಮೊದಲ ದಿನಕ್ಕೆ ಸಾಕು. ವಾಸ್ತವವಾಗಿ ಆಜ್ಞಾಪಿಸಿದವರು ಮೌನವಾದಾಗ ಅಪವಾದವನ್ನು ಹೊರುವವನು ಕೆಳದರ್ಜೆಯ ಪೋಲೀಸನೇ. ಮೂರನೆಯದು, ವಿಷಯ ವಿಚಾರಣೆಯಲ್ಲಿರುವಾಗ ಮಾತಾಡಬಾರದು. ಹಾಗಿದ್ದರೆ ಸತ್ತವನನ್ನು ಆರೋಪಿಯೆಂದು, ನೆರೆದವರನ್ನು ಕಿಡಿಗೇಡಿಗಳೆಂದು ಕರೆಯುವ ಮಾತಿಗೂ ಈ ನಿಯಮ ಅನ್ವಯಿಸಬೇಕು.

ಈ ದಿಕ್ಕಿನಲ್ಲಿ ಕೆಲವು ಆಧಾರಗಳು ಸಿದ್ಧವಾಗಿವೆ. ಪ್ರಕಾಶ್ ಸಿಂಗ್ ಪ್ರಕರಣದ ೨೦೦೬ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯ, ಜಿಲ್ಲೆಗಳ ಮಟ್ಟದಲ್ಲಿ ಪೋಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಹೇಳಿತು. ೨೦೧೪ರಲ್ಲಿ ಪೋಲೀಸರೊಡನೆಯ ಕಾದಾಟದ ಮರಣಗಳ ತನಿಖೆಗೆ ಹದಿನಾರು ಸೂತ್ರಗಳನ್ನು ಕೊಟ್ಟಿತು. ೨೦೨೩ರ ಸೆಪ್ಟೆಂಬರಿನಲ್ಲಿ, ಪೋಲೀಸರು ಪತ್ರಿಕೆಗಳವರಿಗೆ ಸಂಗತಿ ತಿಳಿಸುವ ಕ್ರಮದ ಬಗ್ಗೆ ಕೈಪಿಡಿಯೊಂದನ್ನು ಸಿದ್ಧಪಡಿಸಲು ಕೇಂದ್ರದ ಗೃಹ ಇಲಾಖೆಗೆ ನಿರ್ದೇಶಿಸಿತು. ಅಂತಹ ಕೈಪಿಡಿ ಕನ್ನಡದಲ್ಲಿ ಬರುವುದಾದರೆ ಅದರ ಮೊದಲ ಸೂತ್ರ ವ್ಯಾಕರಣಸೂತ್ರವಾಗಲಿ: ಬಲಪ್ರಯೋಗವನ್ನು ಕುರಿತ ಯಾವ ವಾಕ್ಯವೂ ಕರ್ತೃವಿಲ್ಲದೆ ಇರತಕ್ಕದ್ದಲ್ಲ.

ಕಾಲೇಜುಗಳ ಕನ್ನಡ ವಿಭಾಗಗಳಿಗೂ ಇಲ್ಲಿ ಕೆಲಸವುಂಟು. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ವಿದ್ಯಾರ್ಥಿಗಳು ತಮ್ಮ ಜಿಲ್ಲೆಯ ೨೦೦೮ರ ಜೂನ್ ತಿಂಗಳ ಪತ್ರಿಕೆಗಳನ್ನು ಗ್ರಂಥಾಲಯದಿಂದ ತೆಗೆದು, ಪ್ರತಿಯೊಂದು ಕ್ರಿಯಾಪದಕ್ಕೂ ಕರ್ತೃವನ್ನು ಗುರುತಿಸುವ ಅಭ್ಯಾಸವನ್ನು ಮಾಡಬಹುದು. ಅನ್ವಯ ಹೇಳುವ ಹಳೆಯ ಪಾಠಕ್ರಮವೇ ಇದಕ್ಕೆ ಸಾಕು. ಯಾವ ವಾಕ್ಯದಲ್ಲಿ ಕರ್ತೃ ದೊರೆಯುವುದಿಲ್ಲವೋ ಅಲ್ಲಿ ಒಂದು ಗುರುತು ಹಾಕಲಿ. ಆ ಗುರುತುಗಳನ್ನು ಕೂಡಿಸಿದರೆ, ಗೊಬ್ಬರ ಕೇಳಲು ಹೋಗಿ ಮನೆಗೆ ಮರಳದ ಇಬ್ಬರ ವಿಷಯದಲ್ಲಿ ನಾಡಿಗೆ ಇನ್ನೂ ಬರಬೇಕಾಗಿರುವ ಉತ್ತರ ಎಷ್ಟೆಂಬುದು ತಿಳಿಯುತ್ತದೆ.